ಬಿಚ್ಚಿದ್ದು ಯಾರು?

ಗುಂಡ್ಲುಪೇಟೆಯಲ್ಲಿ ಮರಗೆಲಸದ ಹಳೇ ಮಿಷನ್ನುಗಳನ್ನು ರಿಪೇರಿ ಮಾಡುತ್ತಿದ್ದ ಆ ಮೇಸ್ತ್ರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಸ್ಪ್ಯಾನರುಗಳನ್ನು ತೊಡೆಯ ಮೇಲಿಟ್ಟುಕೊಂಡೇ ಟೀ ಕುಡಿಯುತ್ತಿದ್ದ. ಯಾವ ಮಿಷನ್ನಿನ ಮುಚ್ಚಳ ತೆಗೆದರೂ ಮೊದಲು ಒಳಗೆ ಇಣುಕಿ, "ನನ್ಗಿಂತ ಮುಂಚೆ ಇದ್ನ ಬಿಚ್ಚಿದ್ದೋನು ಯಾರು?" ಎಂದು ನಮ್ಮನ್ನೇ ಕಳ್ಳರಂತೆ ನೋಡುತ್ತಿದ್ದ.

ನಮ್ಮ ಬಾಗಿಲು-ಕಿಟಕಿ ಮಾಡುವ ವರ್ಕ್‌ಶಾಪಿಗೆ ನಾನು ಹಲಗೆ ಹೆರೆಯುವ ಒಂದು ಹಳೇ ಪ್ಲೇನಿಂಗ್ ಮಿಷನ್ ತಂದೆ. ಎರಕದ ಕಬ್ಬಿಣದ ಮೈ, ಮುಂದೆ ಇಂಗ್ಲೆಂಡಿನ ಕಂಪನಿಯೊಂದರ ಹಿತ್ತಾಳೆ ಫಲಕ. ಫಲಕ ಅಸಲಿ ಎಂದು ಬ್ರೋಕರು ಆಣೆ ಮಾಡಿದ್ದ. ನೋಡಲು ಕರೆಸಿದ ಮೇಸ್ತ್ರಿ ಅದನ್ನು ಓದಲೇ ಇಲ್ಲ. ಅದರ ಸ್ಕ್ರೂಗಳನ್ನು ಉಗುರಿನಿಂದ ಕೆರೆದ.

"ಬ್ಯಾರೆ ಸ್ಕ್ರೂ ಸಂದೀಲೆಲ್ಲ ವರ್ಸ ವರ್ಸದ ಆಯುಧಪೂಜೆ ಕುಂಕುಮ ಗಟ್ಟಿಯಾಗಿ ಕೂತದೆ. ಈ ನಾಕ್ರಲ್ಲಿ ಚೂರೂ ಇಲ್ಲ. ಫಲಕ ಮೊನ್ನೆ ಮೊನ್ನೆ ಆಕಿರಾದು ಕಣಪ್ಪ. ನಿಂಗೆ ಟೋಪಿ ಆಕ್ಬುಟ್ಟವ್ರೆ. ಬ್ಯಾಡ ಅನ್ಸುದ್ರೆ ನಂಗೇ ಕೊಟ್ಬುಡು."

ಬ್ರೋಕರನ ಮೇಲೆ ನನಗೆ ಮೈ ಉರಿಯಿತು. "ಒಳ್ಗಾದ್ರೂ ಸರ್ಯಾಗದಾ ನೋಡಣ್ಣ" ಎಂದೆ.

ಮುಚ್ಚಳದ ಒಂದು ಬೋಲ್ಟು ಮಿಷನ್ನಿನ ಟೇಬಲ್ಲಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ ಇತ್ತು. ಮಿಷನ್ ತಂದ ದಿನ ನೆಲದಲ್ಲಿ ಮಲಗಿ ಟಾರ್ಚ್ ಬಿಟ್ಟು ಹುಡುಕಿದಾಗಷ್ಟೇ ಅದು ನನ್ನ ಕಣ್ಣಿಗೆ ಬಿದ್ದಿತ್ತು. ಅವನು ಬಗ್ಗಲೂ ಇಲ್ಲ. ನನ್ನ ಮುಖ ನೋಡುತ್ತಲೇ ಅಡಿಗೆ ಕೈ ಹಾಕಿ, ಒಂದೇ ಸಲಕ್ಕೆ ಸರಿಯಾದ ಸ್ಪ್ಯಾನರನ್ನು ಕೂರಿಸಿ ಬಿಚ್ಚಿದ.

ಮುಚ್ಚಳ ತೆಗೆದರೆ ಒಳಗೆ ಹೊಸ ಗ್ರೀಸು ಹೊಳೆಯುತ್ತಿತ್ತು. ಯಾರೋ ಈಚೆಗೆ ಬಿಚ್ಚಿದ್ದಾರೆ ಅನ್ನುವುದು ನನಗೂ ಗೊತ್ತಾಯಿತು. ಅವನ ಮಾಮೂಲಿ ಪ್ರಶ್ನೆಗೆ ನಾನು ಕಾದೆ.

ಅವತ್ತು ಅವನು ಕೇಳಿದ್ದು ಟೀ ಮಾತ್ರ.