ಬನ್ನಿ ಗಿಡದ ಬುಡಕ ಗಂಟೈತಿ

ಇದು ನಡೆದದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಿಮ್ಮನ್ನು ನಂಬಿಸಿ ನನಗೆ ಆಗಬೇಕಾದದ್ದು ಏನೂ ಇಲ್ಲ. ದೆವ್ವ ಕಂಡೆ, ಬಿಳಿ ಸೀರೆ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಇವತ್ತಿಗೂ ನಗು ಬರುತ್ತದೆ. ಅವರಲ್ಲಿ ಅರ್ಧ ಜನ ಕುಡಿದಿರುತ್ತಾರೆ, ಉಳಿದವರಿಗೆ ಮಾಡಲು ಕೆಲಸವಿರುವುದಿಲ್ಲ. ನಾನು ಕುಡಿಯುವವಳಲ್ಲ. ಕೆಲಸವೂ ಬೇಕಾದಷ್ಟಿದೆ. ಆದರೂ ಹೇಳುತ್ತಿದ್ದೇನೆ...

ನಮ್ಮೂರು ಭಂಡಾರಕವಠೆ. ಹೊಲ ಭೀಮಾ ನದಿಯ ದಂಡೆಗೆ ಹತ್ತಿಕೊಂಡಿದೆ. ಮನೆತನ ಕುರಿಯದು. ಹಿಂಡೇ ನಮ್ಮ ಅನ್ನ. ಅದನ್ನು ನನ್ನ ಮಗ ಬೀರಪ್ಪ ಕಾಯುತ್ತಾನೆ. ಕಾಯುತ್ತಾನೆ ಅಂದರೆ, ಕಿವಿಯಲ್ಲಿ ಮೊಬೈಲಿನ ವೈರು ತುರುಕಿಕೊಂಡು ಕುರಿಗಳ ಹಿಂದೆ ಅಡ್ಡಾಡುತ್ತಾನೆ. ಮುಂದೆ ನಡೆಯುವ ಟಗರಿನ ಕೊರಳಿಗೆ ಒಂದು ಗಂಟೆ ಕೂಡ ಕಟ್ಟಿಲ್ಲ. ಕೇಳಿದರೆ, "ಗಂಟಿ ಯಾಕ ಬೇಕವ್ವ, ಸೀಟಿ ಹೊಡದ್ರ ಬರ್ತಾವ" ಅನ್ನುತ್ತಾನೆ. ಗಂಟೆಗೆ ನಮ್ಮ ಮಾತಿನಲ್ಲಿ ಗಂಟಿ ಅನ್ನುತ್ತೇವೆ. ಇದನ್ನು ನೆನಪಿಟ್ಟುಕೊಳ್ಳಿ.

ಎಲ್ಲದಕ್ಕೂ ಮೂಲ ನನ್ನ ಅಳಿಯ ಮಾರುತಿ. ಅಕ್ಕಲಕೋಟೆಯಲ್ಲಿ ಮೊಬೈಲಿನ ಕವರು ಮಾರುತ್ತಾನೆ. ಗಿರಾಕಿ ಬರದ ಹೊತ್ತಿನಲ್ಲಿ ವಿಡಿಯೋ ನೋಡುತ್ತಾನೆ. ಯಾರೋ ಪರದೇಶದವರು ಮಶೀನು ಹಿಡಿದು ನೆಲದೊಳಗಿನ ಬಂಗಾರ ತೆಗೆದರಂತೆ. ಇವನೂ ಸೊಲ್ಲಾಪುರಕ್ಕೆ ಹೋಗಿ ಅಂಥದ್ದೇ ಒಂದು ಮಶೀನು ಬಾಡಿಗೆಗೆ ತಂದ. ಉದ್ದನೆಯ ಕೋಲು, ತುದಿಗೆ ತಾಟು. ನೋಡಿದರೆ ಮುರಿದ ಫ್ಯಾನಿನ ಹಾಗಿತ್ತು.

ನಮ್ಮ ಹೊಲಕ್ಕೇ ಯಾಕೆ ಬಂದ ಅಂದರೆ, ನನ್ನ ಅತ್ತೆಯ ಮಾತು. ಮುದುಕಿ ಸಾಯುವಾಗ ಹಲ್ಲಿಲ್ಲದ ಬಾಯಲ್ಲಿ ಅಂದದ್ದು ಇಷ್ಟೇ: "ಬನ್ನಿ ಗಿಡದ ಬುಡಕ ಗಂಟೈತಿ. ಎಬ್ಬಸಬ್ಯಾಡ್ರಿ." ಗಂಟು ಅಂದರೆ ಹೂತಿಟ್ಟ ಆಸ್ತಿ ಎಂದೇ ನಾವೆಲ್ಲ ತಿಳಿದೆವು. ನನ್ನ ಗಂಡ ತಾಯಿ ಸತ್ತ ಮೇಲೂ ಅವಳಿಗೆ ಹೆದರುತ್ತಿದ್ದವನು, ತಾನು ಸಾಯುವತನಕ ಅದನ್ನು ಮುಟ್ಟಲಿಲ್ಲ. ನಾನು ಮರೆತೇಬಿಟ್ಟಿದ್ದೆ. ಮಗಳು ಮರೆಯಲಿಲ್ಲ, ಗಂಡನ ಕಿವಿಗೆ ಹಾಕಿದಳು.

ಹಗಲು ಅಗೆದರೆ ಊರು ನೋಡುತ್ತದೆಂದು ಅಳಿಯ ದೀಪ ಹಚ್ಚಿದ ಮೇಲೇ ಅಗೆಯುತ್ತಿದ್ದ. ಮೊದಲ ರಾತ್ರಿ ಮಶೀನು ಕುಂಯ್ ಅಂದಾಗಲೆಲ್ಲ ಅವನ ಮುಖ ಅರಳುವುದು. ಬಂದದ್ದೇನು? ಟ್ರ್ಯಾಕ್ಟರಿನ ಬೋಲ್ಟು, ಕುಡುಗೋಲಿನ ಮುರುಕು, ಸೋಡಾ ಬಾಟಲಿಯ ಬಿಲ್ಲೆ. ಅಷ್ಟಕ್ಕೇ ನನ್ನ ಜೋಳದ ಹೊಲವನ್ನು ಹಂದಿ ಹೊಕ್ಕ ಹಾಗೆ ಮಾಡಿಟ್ಟ.

ಎರಡನೆಯ ರಾತ್ರಿ ನಾನೂ ಹೊಲಕ್ಕೆ ಹೋದೆ. ಬಂಗಾರದ ಆಸೆಗಲ್ಲ. ಬನ್ನಿ ಗಿಡದ ಹತ್ತಿರವೇ ಬಲೆ ಕಟ್ಟಿ ಹಿಂಡು ಕೂಡಿಹಾಕಿದ್ದೆವು. ಅರ್ಧದಷ್ಟು ಕುರಿ ಗಬ್ಬ. ಈ ಶಾಣ್ಯಾರ ಗದ್ದಲಕ್ಕೆ ಬೆದರಿ ಅವು ದಿನ ತುಂಬುವ ಮೊದಲೇ ಕಂದು ಹಾಕಿಬಿಟ್ಟರೆ ನಮ್ಮ ವರ್ಷವೇ ಹೋದ ಹಾಗೆ.

ಚಳಿ ಬಿದ್ದಿತ್ತು. ನದಿಯ ಕಡೆಯಿಂದ ಕೆಸರಿನ ವಾಸನೆ. ಗಿಡದ ಬುಡದಲ್ಲಿ ಮಶೀನು ಒಂದೇ ಸಮ ಕೂಗತೊಡಗಿತು.

"ಮಾಮಿ, ಆವಾಜ ಕೇಳ್ರಿ! ಸೋನಂಚ ಆಹೆ!" ಬಂಗಾರದ ಮಾತು ಬಂದರೆ ಅವನಿಗೆ ಕನ್ನಡ ಮರೆತು ಮರಾಠಿ ಬರುತ್ತದೆ.

"ಅಳಿಯಾರ, ನಿನ್ನಿ ಬೋಲ್ಟಿಗೂ ಇದ ಆವಾಜ ಬಂದಿತ್ರಿ. ಪೋಣಿಸ್ಕೊಂಡು ಕೊಳ್ಳಾಗ ಹಾಕ್ಕೋರಿ, ಚಂದ ಕಾಣ್ತೀರಿ."

ಬೀರಪ್ಪ ಮಣ್ಣು ಎತ್ತುತ್ತಿದ್ದ. ಮೊಣಕೈಯಷ್ಟು ಆಳದಲ್ಲಿ ಸಲಿಕೆ ಠಕ್ ಅಂದಿತು. ಮೇಲೆ ಬಂದದ್ದು ಮುಷ್ಟಿಗಿಂತ ದೊಡ್ಡದಾದ ಒಂದು ಕಂಚಿನ ಗಂಟೆ.

ಬೀರಪ್ಪ ಅಜ್ಜಿಯ ಮಾತು ನೆನೆದು ಮೆಲ್ಲಗೆ ಅಂದ, "ಯವ್ವಾ... ಆಯಿ ಗಂಟು ಅಂದಿದ್ದಿಲ್ಲ. ಗಂಟಿ ಅಂದಿದ್ಲು."

ನನಗೆ ನಗು ತಡೆಯಲಾಗಲಿಲ್ಲ. ಗಂಟು ಐತಿ ಅಂದರೂ ಗಂಟೈತಿ, ಗಂಟಿ ಐತಿ ಅಂದರೂ ಗಂಟೈತಿ! ಇಷ್ಟು ವರ್ಷ ಒಂದು ಮನೆತನವೇ ಟಗರಿನ ಗಂಟೆಯನ್ನು ಬಂಗಾರ ಎಂದು ಬಚ್ಚಿಟ್ಟುಕೊಂಡಿತ್ತು. "ತಗೋರಿ ನಿಮ್ಮ ಆಸ್ತಿ" ಎಂದು ಅಳಿಯನಿಗೆ ಹೇಳಿದೆ. ಬೀರಪ್ಪ ಥೂ ಎಂದು ಸಲಿಕೆ ಎಸೆದ. ಕಿವಿಗೆ ವೈರು ಸಿಕ್ಕಿಸಿಕೊಂಡು ದೂರ ಹೋಗಿ ಕೂತ.

ಒಂದು ವಿಚಾರ ಮಾತ್ರ ನನ್ನ ನಗುವನ್ನು ನಿಲ್ಲಿಸಿತು. ನಮ್ಮಲ್ಲಿ ಟಗರು ಸತ್ತರೆ ಅದರ ಗಂಟೆಯನ್ನು ಮುಂದಿನ ಟಗರಿಗೆ ಕಟ್ಟುತ್ತಾರೆ. ಹೂಳುವುದಿಲ್ಲ. ಯಾರೂ ಹೂಳಿದ್ದನ್ನು ನಾನು ಕೇಳಿಲ್ಲ.

ಗಂಟೆಯ ಬಾಯಿಗೆ ಉಣ್ಣೆ ಗಿಡಿದು ಮೇಲೆ ಸುಣ್ಣ ಮೆತ್ತಿದ್ದರು. ಒಳಗೆ ಏನಾದರೂ ಇದ್ದೀತೆಂದು ಅಳಿಯ ಸುಣ್ಣ ಒಡೆದು ಉಣ್ಣೆ ಎಳೆದ. ಉಣ್ಣೆ ಕೊಳೆತಿರಲಿಲ್ಲ. ಅವತ್ತೇ ಕತ್ತರಿಸಿದ ಹಾಗೆ ಜಿಡ್ಡು ಜಿಡ್ಡು, ಹಸಿ ಕುರಿಯ ವಾಸನೆ... ಒಳಗೆ ಬಂಗಾರವೂ ಇಲ್ಲ, ಗಂಟೆಯ ನಾಲಿಗೆಯೂ ಇಲ್ಲ. ಯಾರೋ ಅದನ್ನು ಬೇಕೆಂದೇ ಕಿತ್ತಿದ್ದರು.

"ಕೊಡ್ರಿ ಇಲ್ಲೆ" ಎಂದು ನಾನು ಕೈಗೆ ತೆಗೆದುಕೊಂಡೆ. ಅಲ್ಲಾಡಿಸಿದೆ. ಸಪ್ಪಳವಿಲ್ಲ. ನಾಲಿಗೆ ಇಲ್ಲದ ಮೇಲೆ ಎಲ್ಲಿಂದ ಬರಬೇಕು?

ಆಗ ನದಿಯ ಕಡೆಯಿಂದ ಕೇಳಿಸಿತು. ಠಣ್... ಠಣ್... ಹಿಂಡಿನ ಮುಂದಿರುವ ಟಗರು ಅವಸರವಿಲ್ಲದೆ ನಡೆಯುವಾಗ ಬರುವ ಸಪ್ಪಳ. ಯಾರ ಹಿಂಡೋ ನದಿಗೆ ಇಳಿದಿರಬೇಕು ಅಂದುಕೊಂಡೆ. ಈ ಹೊತ್ತಿನಲ್ಲಿ ನೀರಿಗೆ ಕುರಿ ಹೊಡೆಯುವ ಮೂರ್ಖ ಯಾರು ಅಂತಲೂ ಅಂದುಕೊಂಡೆ.

ನಮ್ಮ ಕುರಿಗಳು ಎದ್ದು ನಿಂತವು. ಒಂದೊಂದಾಗಿ ಅಲ್ಲ, ಒಟ್ಟಿಗೇ. ಒಂದೂ ಅರಚಲಿಲ್ಲ. ಹಿಂಡು ಕಾಯುವ ನಾಯಿ ಬಾಲ ಮಡಚಿಕೊಂಡು ಗಾಡಿಯ ಕೆಳಗೆ ಹೋಯಿತು. ಮರುಕ್ಷಣ ಬಲೆಯ ಗೂಟ ಕಿತ್ತುಬಂತು, ಹಿಂಡು ಹರಿಯಿತು... ನದಿಯ ಕಡೆಗೆ.

ಅಲ್ಲಿ ದಂಡೆ ಕಡಿದಾಗಿದೆ, ಕೆಳಗೆ ನೀರು ಆಳ. ಮುಂದಿನದು ಇಳಿದರೆ ಹಿಂದಿನವು ಯೋಚಿಸುವುದಿಲ್ಲ. ಕುರಿಯ ಬುದ್ಧಿಯೇ ಅಷ್ಟು. "ಬೀರಪ್ಪಾ! ಹಿಂಡು!" ಎಂದು ಒದರಿ ನಾನು ಓಡಿದೆ. ಹೇಗಾದರೂ ಮುಂದೆ ಹೋಗಿ ಅಡ್ಡ ನಿಂತು ತಿರುಗಿಸಬೇಕು, ಅದೊಂದೇ ತಲೆಯಲ್ಲಿ. ಗಂಟೆಯ ಸಪ್ಪಳ ಹತ್ತಿರವಾಗುತ್ತಾ ಬಂತು. ಹತ್ತಿರ... ಇನ್ನೂ ಹತ್ತಿರ... ಕಡೆಗೆ ಎಷ್ಟು ಹತ್ತಿರವೆಂದರೆ, ಯಾವ ಕಡೆಯಿಂದ ಬರುತ್ತಿದೆ ಎಂದೇ ತಿಳಿಯಲಿಲ್ಲ.

ಯಾರೋ ನನ್ನ ರಟ್ಟೆ ಹಿಡಿದು ಜಗ್ಗಿದರು. ಬೀರಪ್ಪ. ಕಿವಿಯ ವೈರು ಹಾಗೇ ಇತ್ತು. ನನ್ನ ಕೈಯಿಂದ ಗಂಟೆ ಕಸಿದುಕೊಂಡು ತನ್ನ ಟಾವೆಲ್ಲಿನ ತುದಿಯನ್ನು ಅದರ ಬಾಯಿಗೆ ತುರುಕಿದ. ಸಪ್ಪಳ ನಿಂತಿತು.

ನಾನು ಟೊಂಕದವರೆಗೆ ನೀರಿನಲ್ಲಿದ್ದೆ.

"ಯವ್ವಾ, ಎಲ್ಲಿ ಹೊಂಟಿದ್ದಿ?" ಕಿವಿಯ ವೈರು ಕಿತ್ತುಕೊಂಡು ಕೇಳಿದ.

"ಎಲ್ಲಿ ಅಂದ್ರ? ಕುರಿ ತಿರುಗಸಾಕ! ನಿನ್ನಂಗ ಹಾಡ ಕೇಳ್ಕೋತ ಕುಂದರ್ಲೇನು?"

"ಕುರಿ ನಿನ್ನ ಹಿಂದ ಅದಾವ. ನೀನ ಮುಂದ ಇದ್ದಿ... ಕೈ ಮ್ಯಾಲೆತ್ತಿ ಗಂಟಿ ಬಾರಿಸ್ಕೋತ ಹೊಂಟಿದ್ದಿ."

ತಿರುಗಿ ನೋಡಿದೆ. ಹಿಂಡು ದಂಡೆಯ ಇಳಿಜಾರಿನಲ್ಲಿ ನಿಂತಿತ್ತು, ಟಗರಿನ ಮುಂಗಾಲು ನೀರಿನಲ್ಲಿ. ಎಲ್ಲದರ ಕಣ್ಣೂ ನನ್ನ ಮೇಲೆ. ಕುರಿಗಳ ನಡುವೆ, ತಲೆ ಬಗ್ಗಿಸಿಕೊಂಡು, ನನ್ನ ಅಳಿಯ ನಿಂತಿದ್ದ.

"ದಾಜಿ!" ಬೀರಪ್ಪ ಅಕ್ಕನ ಗಂಡನನ್ನು ಕೂಗಿದ. ಅವನು ತಲೆ ಎತ್ತಲು ಬಹಳ ಹೊತ್ತು ತೆಗೆದುಕೊಂಡ. ಈಗ ಕೇಳಿದರೆ, "ಮದತ ಮಾಡಾಕ ಬಂದಿದ್ನಿ" ಅನ್ನುತ್ತಾನೆ. ಸಹಾಯ ಮಾಡಲು ಬಂದವರ ಮುಖ ಹಾಗಿರುವುದಿಲ್ಲ.

ಕುರಿ ಒಂದೂ ಹೋಗಲಿಲ್ಲ, ಕಂದು ಹಾಕಲಿಲ್ಲ. ಅದೇ ಉಣ್ಣೆಯನ್ನು ತುರುಕಿ, ಮೇಲೆ ಕರಿಮಣ್ಣು ಮೆತ್ತಿ, ಗಂಟೆಯನ್ನು ಮೊದಲಿಗಿಂತ ಆಳವಾಗಿ ಹೂತೆವು. ಅಳಿಯ ಬೆಳಕು ಹರಿಯುವುದರೊಳಗೆ ಮಶೀನು ಎತ್ತಿಕೊಂಡು ಹೋದವನು ಈಗ ಬಂದರೂ ಹೊತ್ತು ಮುಳುಗುವ ಮೊದಲು ಅಕ್ಕಲಕೋಟೆಯ ಗಾಡಿ ಹಿಡಿಯುತ್ತಾನೆ. ದೊಡ್ಡ ಧೈರ್ಯವಂತ.

ಬೀರಪ್ಪ ಯಾಕೆ ಗಂಟೆಯ ಹಿಂದೆ ನಡೆಯಲಿಲ್ಲ ಅಂದರೆ, ಅವನ ಕಿವಿಯಲ್ಲಿ ಹಾಡಿತ್ತು, ಅಷ್ಟೇ. ಅದಕ್ಕೆ ಆ ವೈರಿಗೆ ಈಗ ನಾನು ಬೈಯುವುದಿಲ್ಲ.

ನಾಲಿಗೆ ಇಲ್ಲದ ಗಂಟೆಯನ್ನು ನಾನು ಹೇಗೆ ಬಾರಿಸಿದೆ? ನನ್ನನ್ನು ಕೇಳಬೇಡಿ. ಅತ್ತೆಗೆ ಗೊತ್ತಿತ್ತು, ಹೇಳದೆ ಸತ್ತಳು.

ಈಗ ಮಲಗುವ ಮುಂಚೆ ಸೆರಗಿನ ತುದಿಯನ್ನು ಹೊರಸಿನ ಕಾಲಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತೇನೆ. ಮಗ ಕೇಳಿದರೆ, ಬೆಕ್ಕು ಎಳೆಯುತ್ತದೆ ಎಂದು ಏನೋ ಒಂದು ಹೇಳುತ್ತೇನೆ.

ನಿನ್ನೆ ಬೆಳಿಗ್ಗೆ ಎದ್ದಾಗ ಗಂಟು ಬಿಚ್ಚಿತ್ತು.

ಅಂಗಾಲು ತಣ್ಣಗಿತ್ತು, ನದಿಯ ಕೆಸರಿನ ವಾಸನೆ. ನೋಡಿಕೊಳ್ಳಲಿಲ್ಲ. ನೋಡದೆಯೇ ತೊಳೆದುಕೊಂಡೆ.