ವ್ಯತ್ಯಾಸ ಸೊನ್ನೆ

ಆ ಹವಾಮಾನ ಕಚೇರಿಯಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರಿತ್ತು. ವಿಭಾಗದ ಮುಖ್ಯಸ್ಥರು ಎದುರಿಗೆ ಕೂತವರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತಿದ್ದರು, ಆದ್ದರಿಂದ ಅವರು ಗುಡುಗು ಸಾರ್. ಕಿಟಕಿ ಪಕ್ಕದ ಹುಡುಗಿ ದಿನವಿಡೀ ಬಿಸ್ಕತ್ತು ಕುಟುಕುತ್ತಿದ್ದಳು, ಅವಳು ಗುಬ್ಬಿ. ಹೊಸದಾಗಿ ಸೇರಿದವಳಿಗೆ ಮಾತ್ರ ಅಡ್ಡಹೆಸರಿಡಲು ಯಾರಿಗೂ ಧೈರ್ಯ ಬರಲಿಲ್ಲ. ಹುದ್ದೆಯಲ್ಲಿ ಎಲ್ಲರಿಗಿಂತ ಕಿರಿಯಳಾದರೂ ಅವಳಿಗೆ ನಲವತ್ತು ದಾಟಿತ್ತು, ಕಿವಿಯ ಮೇಲಿನ ಕೂದಲು ನೆರೆತಿತ್ತು. ಮೊದಲ ದಿನವೇ ಗುಬ್ಬಿ ಎದ್ದು ನಿಂತು, "ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದಳು. ಅಲ್ಲಿಗೆ ಮುಗಿಯಿತು. ಅವಳು ಆ ಮೇಜುಗಳ ಇಡೀ ಸಾಲಿಗೆ ಅಕ್ಕನಾದಳು.

ಅಕ್ಕ ಅನ್ನಿಸಿಕೊಂಡರೆ ಕಷ್ಟವೇನು ಎಂದು ನೀವು ಕೇಳಬಹುದು. ಮನೆಯಲ್ಲಾದರೆ ಏನೂ ಇಲ್ಲ. ಇಲ್ಲಿ ಮಿಕ್ಕವರೆಲ್ಲ ಆಗಷ್ಟೇ ಕಾಲೇಜು ಮುಗಿಸಿ ಬಂದವರು, 'ಲೋ', 'ಕಣೇ', 'ನಿನ್ನ ತಲೆ' ಎಂದು ಕಿತ್ತಾಡುವವರು. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಹರಿದು ಹಂಚಿ, ಬೈದು, ತಿದ್ದಿ, ನಾಲ್ಕು ಗಂಟೆಗೆ ಗುಂಪಾಗಿ ಚಹಾಕ್ಕೆ ಇಳಿಯುವವರು. ಅಕ್ಕ ಹತ್ತಿರ ಬಂದರೆ ಸಾಕು, ಮಾತು ಸರಕ್ಕನೆ 'ನೀವು' ಆಗುತ್ತಿತ್ತು, ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದೆರಡು ಸಲ ಜೊತೆಗೆ ಹೋಗಿ ನೋಡಿದಳು. ಅವರು ಕುರ್ಚಿ ಒರೆಸಿ ಕೂರಿಸಿದರು, ಮಂಡಿನೋವು ಹೇಗಿದೆ ಎಂದು ಕೇಳಿದರು. ಅವಳಿಗೆ ಮಂಡಿನೋವೇ ಇರಲಿಲ್ಲ. ಆಮೇಲೆ ಅವಳು ಚಹಾವನ್ನು ಫ್ಲಾಸ್ಕಿನಲ್ಲಿ ತರಲು ಶುರುಮಾಡಿದಳು.

ಅವಳು ಗಣಿತ ಓದಿದವಳು. ಓದು ಮುಗಿಯುವ ಹೊತ್ತಿಗೆ ಸರಿಯಾಗಿ ಅಪ್ಪ ಹಾಸಿಗೆ ಹಿಡಿದರು. ಅವರ ಮೈ ಒರೆಸುತ್ತ, ಅಕ್ಕಪಕ್ಕದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಪ್ರಾಯ ಕಳೆದದ್ದೇ ತಿಳಿಯಲಿಲ್ಲ. ಮಲಗಿದಲ್ಲೇ ಇದ್ದ ಅಪ್ಪನಿಗೆ ರೇಡಿಯೋದ ಹವಾಮಾನ ವರದಿ ಕೇಳುವುದೊಂದೇ ಚಟ. ಕಿಟಕಿಯವರೆಗೂ ಹೋಗಲಾಗದ ಆ ಮನುಷ್ಯ "ನಾಳೆ ಜೋರು ಗಾಳಿಯಂತೆ ಕಣಮ್ಮ" ಎಂದು ಊರಿಗೆ ಹೊರಟವರ ಹಾಗೆ ಸಂಭ್ರಮಪಡುತ್ತಿದ್ದರು. ಅಪ್ಪ ಹೋದರು. ತಮ್ಮ ಮದುವೆಯಾಗಿ ಬೇರೆ ಮನೆ ಮಾಡಿದ. ಮಾಡಲು ಏನೂ ಉಳಿಯದೆ ಅವಳು ಪ್ರೋಗ್ರಾಮಿಂಗ್ ಕಲಿತಳು, ವಯಸ್ಸಿನ ಮಿತಿ ಇಲ್ಲದ ಒಂದು ಆರಂಭಿಕ ಹುದ್ದೆಗೆ ಅರ್ಜಿ ಹಾಕಿದಳು. ಸಿಕ್ಕಿಬಿಟ್ಟಿತು. ಇಸ್ತ್ರಿ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದಳು. ಕೆಳಗಿನ ಕಾವಿಗೆ ಸಂಜೆ ನೆಲ ಬೆಚ್ಚಗಿರುತ್ತಿತ್ತು, ಯಾರೋ ಅದೇ ತಾನೇ ಎದ್ದು ಹೋದ ಜಾಗದ ಹಾಗೆ.

ಕೆಲಸ ಕೇಳಲು ಸುಲಭ. ಮಳೆ, ಗಾಳಿ, ಬಿಸಿಲನ್ನು ಲೆಕ್ಕ ಹಾಕುವ ಕಚೇರಿಯ ದೊಡ್ಡ ಪ್ರೋಗ್ರಾಮ್ ಬಹಳ ಹಳೆಯದು. ಅದನ್ನು ಬರೆದ ಕಂಪ್ಯೂಟರ್ ಭಾಷೆ ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ಅದರಲ್ಲಿ ಮಣ್ಣಿನ ತೇವದ ಲೆಕ್ಕವಿರುವ ಭಾಗವನ್ನು ಹೊಸ ಭಾಷೆಯಲ್ಲಿ ಬರೆಯುವುದು ಅಕ್ಕನ ಪಾಲಿಗೆ ಬಂತು. ಷರತ್ತು ಒಂದೇ: ಹಳೆಯದು ಕೊಟ್ಟ ಉತ್ತರವನ್ನೇ ಹೊಸದೂ ಕೊಡಬೇಕು, ದಶಮಾಂಶದ ಕೊನೆಯ ಅಂಕಿಯವರೆಗೂ. ದಿನಾ ಬೆಳಗ್ಗೆ ಎರಡನ್ನೂ ಓಡಿಸಿ, ಉತ್ತರಗಳನ್ನು ಹೋಲಿಸಲು ಅವಳೇ ಒಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದಳು. ಅದು ಪರದೆಯ ಮೇಲೆ ಒಂದೇ ಸಾಲು ತೋರಿಸುತ್ತಿತ್ತು: ವ್ಯತ್ಯಾಸ 0.

ತಮ್ಮ ಭಾನುವಾರ ಫೋನ್ ಮಾಡಿದಾಗ ಅವಳು ಇದನ್ನೆಲ್ಲ ವಿವರಿಸಿದಳು.

"ಅಂದ್ರೆ ಏನೂ ಬದಲಾಗದ ಹಾಗೆ ನೋಡ್ಕೊಳ್ಳೋಕೆ ನಿಂಗೆ ಸಂಬಳ ಕೊಡ್ತಾರಾ?" ಎಂದ ತಮ್ಮ.

"ಹೂಂ ಕಣೋ."

"ಭೇಷ್! ಅದಿರ್ಲಿ, ನಾಳೆ ಮಳೆ ಬರುತ್ತಾ ಹೇಳು. ಬಟ್ಟೆ ಒಗೀಬೇಕಂತೆ ನಿನ್ನ ನಾದಿನಿ."

ಮಳೆ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ನೀನು ಹೇಗಿದ್ದೀಯ ಎಂದು ಕೇಳುವವರು ಯಾರೂ ಇರಲಿಲ್ಲ. ಅವಳ ಆಸೆಯಾದರೂ ಎಷ್ಟು ಸಣ್ಣದು! ಆ ಸಾಲಿನಲ್ಲಿ ಯಾರಾದರೂ ಒಮ್ಮೆ ತನ್ನನ್ನೂ 'ನಿನ್ನ ತಲೆ' ಎಂದು ಬೈಯಲಿ, ಅಷ್ಟೇ.

ದಿನಾ ಸೊನ್ನೆ ಬರುತ್ತಿತ್ತು. ನಿಯಮದ ಪ್ರಕಾರ ಅಕ್ಕ ಬರೆದದ್ದನ್ನು ಗುಬ್ಬಿ ಸಾಲು ಸಾಲಾಗಿ ಓದಿ ಒಪ್ಪಬೇಕು. "ಅಯ್ಯೋ, ನೀವು ಮಾಡಿದ್ದನ್ನ ನಾನೇನು ನೋಡೋದು ಅಕ್ಕ" ಎಂದು ಅವಳು ಓದದೆಯೇ ಒಪ್ಪಿಗೆಯ ಗುಂಡಿ ಒತ್ತಿದಳು. ತನ್ನ ಬೆನ್ನು ತನಗೆ ಕಾಣದು, ಬೇರೆಯವರಿಗಾದರೂ ನೋಡಲು ಸಂಕೋಚ. ಗುಡುಗು ಸಾರ್ ಕರೆದು ಪಿಸುಗುಟ್ಟಿದರು, "ಚೆನ್ನಾಗಿ ಮಾಡಿದ್ದೀರಿ. ಸೋಮವಾರದಿಂದ ನಿಜವಾದ ಮುನ್ಸೂಚನೆಗೆ ನಿಮ್ಮದೇ ಓಡ್ಲಿ. ನಿಮ್ಮನ್ನ ಖಾಯಂ ಮಾಡೋ ಪತ್ರಕ್ಕೂ ಅವತ್ತೇ ಸಹಿ ಹಾಕ್ತೀನಿ."

ಅದಕ್ಕೆ ಮುಂಚಿನ ಶುಕ್ರವಾರ ಬೆಳಗ್ಗೆ ಅಕ್ಕ ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಜಾಗ ತುಂಬಿ, ಅವಳ ಹೊಸ ಪ್ರೋಗ್ರಾಮ್ ಶುರುವಾಗುವ ಮೊದಲೇ ನಿಂತುಹೋಗಿತ್ತು. ಉತ್ತರವೇ ಬಂದಿರಲಿಲ್ಲ. ಆದರೂ ಪರದೆಯ ಮೇಲೆ ಎಂದಿನಂತೆ ಕೂತಿತ್ತು: ವ್ಯತ್ಯಾಸ 0.

ಓಡದೇ ಇದ್ದದ್ದಕ್ಕೂ ಓಡಿದ್ದಕ್ಕೂ ವ್ಯತ್ಯಾಸ ಇಲ್ಲವೇ? ಅಕ್ಕ ಹೋಲಿಸುವ ಪ್ರೋಗ್ರಾಮನ್ನು ತೆರೆದಳು. ಎರಡು ಸಾಲು. ಮೊದಲನೆಯದು ಹಳೆಯ ಉತ್ತರ ಎಲ್ಲಿದೆ ಎಂದು ಹೇಳುತ್ತದೆ, ಎರಡನೆಯದು ಹೊಸದು ಎಲ್ಲಿದೆ ಎಂದು ಹೇಳಬೇಕು. ಮೊದಲ ಸಾಲನ್ನು ನಕಲು ಮಾಡಿ ಕೆಳಗೆ ಅಂಟಿಸಿದವಳು 'ಹಳೆ' ಎಂಬುದನ್ನು 'ಹೊಸ' ಎಂದು ತಿದ್ದಲು ಮರೆತಿದ್ದಳು. ಇಷ್ಟು ದಿನವೂ ಹಳೆಯದನ್ನು ಹಳೆಯದರೊಂದಿಗೇ ಹೋಲಿಸಿಕೊಂಡು ಬಂದಿದ್ದಳು. ಸೊನ್ನೆ ಬರದೆ ಇನ್ನೇನು ಬಂದೀತು?

ಆ ಒಂದು ಪದ ತಿದ್ದಿ, ಹಿಂದಿನ ದಿನದ ಉತ್ತರಗಳನ್ನು ಹೋಲಿಸಿದಳು. ಪರದೆಯ ತುಂಬ ವ್ಯತ್ಯಾಸಗಳು ಬುಳುಬುಳು ಇಳಿದವು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಪತ್ರ ಕೈಗೆ ಬರುತ್ತದೆ. ಬಾಯಿಬಿಟ್ಟರೆ ಪತ್ರ ಹೋದಂತೆಯೇ, ಮತ್ತೆ ಆ ಬೆಚ್ಚಗಿನ ನೆಲ, ಗೋಡೆ, ಭಾನುವಾರದ ಫೋನು. ನುಂಗಲಾರದ ತುತ್ತಾಯಿತು. ಆದರೆ ಸೋಮವಾರ ಈ ತಪ್ಪು ಲೆಕ್ಕವನ್ನು ರೇಡಿಯೋದಲ್ಲಿ ಓದುತ್ತಾರಲ್ಲ. ಎಲ್ಲೋ ಹಾಸಿಗೆಯಲ್ಲಿ ಮಲಗಿದ ಒಬ್ಬರು ಅದನ್ನು ನಂಬಿ ಸಂಭ್ರಮಪಡುತ್ತಾರಲ್ಲ. ಅವಳು ಎದ್ದು ಗುಬ್ಬಿಯ ಮೇಜಿಗೆ ಹೋದಳು.

ಗುಬ್ಬಿ ಬಂದು ನೋಡಿದಳು. ಬಿಸ್ಕತ್ತು ಬಾಯಲ್ಲೇ ಉಳಿಯಿತು. ಒಪ್ಪಿಗೆ ಒತ್ತಿದವಳು ಅವಳೇ ತಾನೆ! ಕಿರುಚಿಯೇ ಬಿಟ್ಟಳು:

"ಹಳೇದನ್ನ ಹಳೇದ್ರ ಜೊತೆನೇ ಹೋಲ್ಸಿದ್ದೀಯಲ್ಲೇ! ತಲೆ ಎಲ್ಲಿಟ್ಟಿದ್ದೆ ನೀನು? ನಾನಂತೂ ಸತ್ತೆ, ನಿನ್ನ ಜೊತೆ ನನ್ನನ್ನೂ ಮನೆಗೆ ಕಳಿಸ್ತಾರೆ ನೋಡು!"

ಇಡೀ ಸಾಲು ತಿರುಗಿ ನೋಡಿತು. ಅಕ್ಕನ ಕಣ್ಣಲ್ಲಿ ನೀರು ಬಂತು. ಬೈಗುಳಕ್ಕೆ ಬಂತೆಂದು ಎಲ್ಲರೂ ತಿಳಿದರು.

ಗುಡುಗು ಸಾರ್ ಎಲ್ಲವನ್ನೂ ಕೇಳಿಸಿಕೊಂಡು, "ಸೋಮವಾರ ಬೇಡ" ಎಂದು ಉಸುರಿದರು. "ಪತ್ರಾನೂ ಸದ್ಯಕ್ಕಿರ್ಲಿ. ಇಬ್ಬರೂ ಕೂತು ಸರಿಮಾಡಿ, ಆಮೇಲೆ ನೋಡೋಣ."

ಮುಂದಿನ ವಾರವೆಲ್ಲ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಗುಬ್ಬಿ ಈಗ ಒಂದೊಂದು ಸಾಲನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಭಯಕ್ಕೆ ಗೌರವದ ನೆನಪಿರುವುದಿಲ್ಲ. "ಏಯ್, ಇಲ್ಲಿ ನೋಡು", "ಸುಮ್ನಿರು, ಯೋಚ್ನೆ ಮಾಡ್ತಿದ್ದೀನಿ", "ಎಂಥಾ ಮಂಕು ನೀನು!" ಅಕ್ಕನೂ ಬಿಡಲಿಲ್ಲ, "ಮೊದಲು ಬಿಸ್ಕತ್ತು ನುಂಗಿ ಮಾತಾಡು" ಎಂದು ತಿರುಗಿ ಬೈದಳು. ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಅರ್ಧ, ಲೋಟಕ್ಕೆ ಅರ್ಧ ಸುರಿದುಕೊಂಡರು. ಕೆಲಸ ಕೈತಪ್ಪಬಹುದಾಗಿದ್ದ ಆ ವಾರದಲ್ಲಿ ಅಕ್ಕ ಸಂತೋಷವಾಗಿದ್ದಳು. ಹೇಳಿಕೊಂಡರೆ ಜನ ನಗುತ್ತಾರೆ, ಆದರೂ ನಿಜ.

ಕೊನೆಗೆ ತಪ್ಪು ಸಿಕ್ಕಿದ್ದು ಗುಬ್ಬಿಗೆ. ಹಳೆಯ ಭಾಷೆಯಲ್ಲಿ ಎಣಿಕೆ ಒಂದರಿಂದ ಶುರು, ಹೊಸದರಲ್ಲಿ ಸೊನ್ನೆಯಿಂದ. ಅಕ್ಕ ರೂಢಿಯಂತೆ ಒಂದರಿಂದ ಎಣಿಸಿದ್ದಳು. ಹಾಗಾಗಿ ಮಣ್ಣಿನ ಎಲ್ಲಕ್ಕಿಂತ ಮೇಲಿನ ಪದರ, ಬಿಸಿಲು ಮಳೆ ಮೊದಲು ಮುಟ್ಟುವ ಪದರ, ಲೆಕ್ಕಕ್ಕೇ ಬಾರದೆ ಉಳಿದಿತ್ತು. ಅಕ್ಕ ಆಗ ಕೈ ತೊಳೆಯಲು ಹೋಗಿದ್ದಳು. ಗುಬ್ಬಿ ಆ ಜಾಗದಲ್ಲೇ ಒಂದು ಟಿಪ್ಪಣಿ ಟೈಪ್ ಮಾಡಿದಳು. ಅಂಥ ಟಿಪ್ಪಣಿಗಳನ್ನು ಕಂಪ್ಯೂಟರ್ ಓದುವುದಿಲ್ಲ, ಮನುಷ್ಯರಷ್ಟೇ ಓದಬೇಕು: 'ಇಲ್ಲೇ ತಪ್ಪಿರೋದು ಕಣೇ. ಸೊನ್ನೆಯಿಂದ ಶುರುಮಾಡು, ನಿನ್ನ ತಲೆ.'

ಅಕ್ಕ ತಿದ್ದಿದಳು. ಎರಡನ್ನೂ ಓಡಿಸಿದರು. ಈ ಸಲ ನಿಜವಾಗಿಯೂ ಹೊಸದನ್ನು ಹಳೆಯದರೊಂದಿಗೆ ಹೋಲಿಸಿ ಬಂದ ಉತ್ತರ: ವ್ಯತ್ಯಾಸ 0. ಗುಡುಗು ಸಾರ್ ಎರಡೆರಡು ಸಲ ನೋಡಿ, ಆ ಮಧ್ಯಾಹ್ನವೇ ಪತ್ರಕ್ಕೆ ಸಹಿ ಹಾಕಿದರು. ಕೆಲಸ ಉಳಿಯಿತು.

ನಾಲ್ಕು ಗಂಟೆಗೆ ಸಾಲು ಚಹಾಕ್ಕೆ ಎದ್ದಿತು. ಗುಬ್ಬಿ ಅಕ್ಕನ ಮೇಜಿನ ಬಳಿ ನಿಂತು, ಬೆರಳು ಹಿಸುಕಿಕೊಳ್ಳುತ್ತ ಹೇಳಿದಳು, "ಅಕ್ಕ, ಅವತ್ತು ಗಾಬರೀಲಿ ಏನೇನೋ ಅಂದ್ಬಿಟ್ಟೆ. ವಾರವೆಲ್ಲಾ ಏಕವಚನದಲ್ಲೇ ಮಾತಾಡಿದ್ದೀನಿ. ಎಲ್ರೂ ಬೈದ್ರು ನಂಗೆ. ಮನಸ್ಸಿಗೆ ಹಚ್ಕೋಬೇಡಿ. ಇನ್ಮೇಲೆ ಖಂಡಿತ ಹಾಗೆ ಮಾತಾಡಲ್ಲ."

ಹಾಗೇ ಮಾತಾಡು ಎಂಬ ಮಾತು ಅಕ್ಕನ ನಾಲಿಗೆ ತುದಿಗೆ ಬಂದಿತ್ತು. ಆದರೆ ನನ್ನನ್ನು ನೀನು ಅನ್ನು ಎಂದು ಯಾರಾದರೂ ಬೇಡಿಕೊಳ್ಳುತ್ತಾರೆಯೇ? "ಪರವಾಗಿಲ್ಲ ಬಿಡಮ್ಮ" ಎಂದಳು. ಹಾಗೆಂದ ಮೇಲೆ ಅವಳಿಗೇ ಕೇಳಿಸಿತು, ಆ 'ಅಮ್ಮ'. ಹಿರಿಯಳ ಕುರ್ಚಿಯನ್ನು ಎಳೆದುಕೊಂಡು ಕೂತದ್ದು ಈ ಸಲ ಅವಳೇ.

"ನೀವು ಸ್ವಲ್ಪ ರೆಸ್ಟ್ ತಗೊಳ್ಳಿ ಅಕ್ಕ" ಎಂದು ಗುಬ್ಬಿ ಹಗುರಾಗಿ ಓಡಿದಳು. ಮೆಟ್ಟಿಲ ಕಡೆಯಿಂದ "ಬೇಗ ಬಾರೇ!" ಎಂದು ಯಾರೋ ಕೂಗಿದ್ದು ಕೇಳಿಸಿತು. ಕೂಗಿದ್ದು ಗುಬ್ಬಿಯನ್ನು.

ಖಾಲಿ ಸಾಲಿನಲ್ಲಿ ಕೂತು ಅಕ್ಕ ಕೊನೆಯ ಕೆಲಸ ಮಾಡಿದಳು. ಒಪ್ಪಿಸುವ ಮೊದಲು ಬೇಡದ ಟಿಪ್ಪಣಿಗಳನ್ನೆಲ್ಲ ಅಳಿಸಬೇಕೆಂಬುದು ಅಲ್ಲಿನ ನಿಯಮ. ಒಂದೊಂದಾಗಿ ಅಳಿಸುತ್ತ ಬಂದು, ಮಣ್ಣಿನ ಮೇಲ್ಪದರದ ಹತ್ತಿರ ನಿಂತಳು. ಗುಬ್ಬಿಯ ಆ ಸಾಲನ್ನು ಓದಿದಳು. ಇನ್ನೊಮ್ಮೆ ಓದಿದಳು. ಅಳಿಸಲಿಲ್ಲ. ಅದು ಇದ್ದ ಹಾಗೆಯೇ ಪ್ರೋಗ್ರಾಮನ್ನು ಓಡಿಸಿ, ಹಳೆಯದರೊಂದಿಗೆ ಹೋಲಿಸಿದಳು.

ವ್ಯತ್ಯಾಸ 0.

ಈಗ ದಿನಾ ಬೆಳಗ್ಗೆ ಮುನ್ಸೂಚನೆ ಹೊರಡುವಾಗ ಕಂಪ್ಯೂಟರ್ ಆ ಸಾಲನ್ನು ಓದದೆ ದಾಟಿಕೊಂಡು ಹೋಗುತ್ತದೆ. ಅಕ್ಕ ಕೆಲಸ ಶುರುಮಾಡುವ ಮೊದಲು ಅದನ್ನು ತೆರೆದು ಒಮ್ಮೆ ಓದಿಕೊಳ್ಳುತ್ತಾಳೆ.