ಗಜರಾಜ ಮಂಡಿಯೂರಿದ ಹಾದಿ

ರಮೇಶ್ ಅಂಕಲ್ ಗಾಡಿ ನಲ್ಲಾರ್‌ಬರ್ ಬಯಲಿನ ಕೆಸರನ್ನು ಸೀಳಿಕೊಂಡು ಬಂತು ಎಂಬ ಕಥೆ ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಈಗಾಗಲೇ ಮೂರು ಮನೆ ದಾಟಿದೆ. ಹಿಂದಿನ ಸೀಟಿನಲ್ಲಿ ನಾನಿದ್ದೆ. ಅದು ಏನನ್ನೂ ಸೀಳಲಿಲ್ಲ.

ನಾನಿರುವುದು ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ. ಜುಲೈನಲ್ಲಿ ಪರ್ತ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿನ ಥಾರ್ನ್ಲಿಯಲ್ಲಿರುವ ಅಂಕಲ್ ಮನೆಯಿಂದ ಇವರ ಜೊತೆ ಕಾರಿನಲ್ಲಿ ಹೊರಟೆ. ಅಂಕಲ್, ಅನಿತಾ ಆಂಟಿ ಇಬ್ಬರೂ ಡಾಕ್ಟರು. ಅಡಿಲೇಡಿನಲ್ಲಿರುವ ಮಗಳು ನಿಧಿಗೆ ಸೀಮಂತ; ತೊಡಿಸಬೇಕಾದ ಹಸಿರು ಗಾಜಿನ ಬಳೆಗಳು ಆಂಟಿಯ ಮಡಿಲಲ್ಲೇ ಇದ್ದವು. ವಿಮಾನದಲ್ಲಿ ಹೋಗೋಣ ಎಂದು ಆಂಟಿ ಅಂದಿದ್ದರು. "ಗಜರಾಜ ಇರುವಾಗ ವಿಮಾನ ಯಾಕೆ?" ಎಂದರು ಅಂಕಲ್. ಗಜರಾಜ ಎಂದರೆ ಅವರ ಹೊಸ ಫೋರ್ ವೀಲ್ ಡ್ರೈವ್. ಆರತಿ ಎತ್ತಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಟೈರುಗಳಿಗೆ ಬಿಗಿಯಾಗಿ ಗಾಳಿ ತುಂಬಿಸಿ ಹೊರಟೆವು. ಒಟ್ಟು ದಾರಿ ಎರಡು ಸಾವಿರದ ಏಳುನೂರು ಕಿಲೋಮೀಟರ್. ಲಾರಿಗಳನ್ನು ಹಿಂದೆ ಹಾಕುವಾಗಲೆಲ್ಲ ಗಜರಾಜ ಗುಟುರು ಹಾಕುತ್ತಿತ್ತು.

ರಾಜ್ಯದ ಗಡಿ ದಾಟಿದ ಮೇಲೆ ಮಳೆ ಹಿಡಿಯಿತು. ಹೆದ್ದಾರಿ ಬಿಟ್ಟು ಮಣ್ಣುದಾರಿಯಲ್ಲಿ ಹೋದರೆ ಸಮುದ್ರದಂಚಿನ ಕಡಿದಾದ ಬಂಡೆ ಕಾಣುತ್ತದೆ ಎಂದು ಅಂಕಲ್ ಗಾಡಿ ತಿರುಗಿಸಿದರು.

"ನಾಡಿದ್ದು ಸೀಮಂತ, ರೀ. ನೆಟ್ಟಗೆ ಹೋಗಿ."

"ಕೆಸರಿಗಂತಲೇ ಇರೋ ಮಡ್ ಮೋಡ್ ಹಾಕಿದೀನಿ ಕಣೆ. ನೋಡು, ಹಸಿರು ದೀಪ."

"ದೀಪ ಹಸಿರಾದ್ರೆ ರಸ್ತೆ ಗಟ್ಟಿ ಅಂತ ಅರ್ಥಾನಾ ಅಂಕಲ್?"

"ಡಿಬೇಟ್ ಚಾಂಪಿಯನ್, ಕೂತ್ಕೋ ಸುಮ್ನೆ."

ಸ್ವಲ್ಪ ದೂರದಲ್ಲೇ ಗಜರಾಜ ಗುಟುರು ಹಾಕಿತು, ಜಾರಿತು, ಹೊಟ್ಟೆಯವರೆಗೆ ಹೂತುಹೋಯಿತು. ದೀಪ ಹಸಿರಾಗಿಯೇ ಇತ್ತು. ಫೋನಿಗೆ ಸಿಗ್ನಲ್ ಇಲ್ಲ.

ಇಳಿದೆ. ಮಳೆ ನಿಂತಿತ್ತು. ಬಯಲಿನ ತುಂಬ ತೆಳುವಾಗಿ ನೀರು. ಅದರೊಳಗೆ ಇಡೀ ಆಕಾಶ. ಒಂದು ಮರವಿಲ್ಲ, ಕಂಬವಿಲ್ಲ. ಮೋಡ ನಮ್ಮ ಕಾಲ ಕೆಳಗೂ ಸಾಗುತ್ತಿತ್ತು. ಥಾರ್ನ್ಲಿಯ ಗೇಟಿನಲ್ಲಿ ಹಿಡಿಸದಷ್ಟು ದೊಡ್ಡದಾಗಿದ್ದ ಗಾಡಿ ಅಲ್ಲಿ ಯಾರೋ ಬೀಳಿಸಿಕೊಂಡು ಹೋದ ಬೆಂಕಿಪೊಟ್ಟಣ. ವಾದ ಹೂಡಲು ನನಗೆ ಎದುರಾಳಿ ಬೇಕು. ಅಲ್ಲಿ ಯಾರೂ ಇರಲಿಲ್ಲ. ಇದ್ದ ಬಯಲಿಗೆ ನಾವು ಬಂದದ್ದೇ ಗೊತ್ತಿರಲಿಲ್ಲ.

ಆಂಟಿ ಬಳೆಗಳನ್ನು ನನ್ನ ಕೈಗಿಟ್ಟು, ಸೀರೆ ಎತ್ತಿ ಕಟ್ಟಿ, ಕೆಸರಲ್ಲಿ ಕೂತು ಟೈರಿನ ಗಾಳಿ ಬಿಡತೊಡಗಿದರು.

"ಅಯ್ಯೋ, ಟೈರ್ ಹಾಳಾಗತ್ತೆ!" ಎಂದರು ಅಂಕಲ್.

"ಬೀಚಲ್ಲಿ ಗಾಡಿ ಹೂತ್ಕೊಂಡ್ರೆ ನಮ್ಮ ಕ್ಲಿನಿಕ್ಕಿನವರು ಹೀಗೇ ಮಾಡೋದು. ಗಾಳಿ ಇಳಿದ್ರೆ ಟೈರ್ ಅಗಲ ಆಗತ್ತೆ, ಮಣ್ಣು ಹಿಡಿಯತ್ತೆ. ಬಿಗುಮಾನ ಸಾಕು. ಕೆದಕಿ ಮಣ್ಣು, ರೀ!"

ಅಂಕಲ್ ಊಟದ ಪ್ಲೇಟು ಹಿಡಿದು ಚಕ್ರದ ಸುತ್ತ ಕೆದಕಿದರು. ಬುಸ್ಸೆನ್ನುತ್ತ ಗಜರಾಜ ಒಂದೊಂದೇ ಕಾಲು ಮಡಿಸಿದ ಹಾಗೆ ತಗ್ಗಿತು. ಆಂಟಿ ಸ್ಟೀರಿಂಗ್ ಹಿಡಿದರು. ಗುಟುರಿಲ್ಲ. ಇಂಚಿಂಚೇ, ದಾರಿ ಕೇಳಿಕೊಂಡು ಹೋಗುವ ಮುದುಕನಂತೆ ಅದು ಮೇಲೆ ಬಂತು. ಗಾಡಿಯ ಹಿಂದೆ ಅಂಕಲ್ ನಿಂತೇ ಇದ್ದರು, ಕೈ ಮುಗಿದುಕೊಂಡು.

ಮುಂದಿನ ಸರ್ವೋದಲ್ಲಿ, ಅಂದರೆ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಗಾಳಿ ತುಂಬಿಸಿದೆವು. ಅಡಿಲೇಡಿನವರೆಗೆ ಗಜರಾಜ ಒಂದು ಲಾರಿಯನ್ನೂ ಹಿಂದೆ ಹಾಕಲಿಲ್ಲ.

ನಿಧಿಯ ಕೈತುಂಬ ಹಸಿರು ಬಳೆ. ಹೋಳಿಗೆ ಊಟದ ಪಂಕ್ತಿಯಲ್ಲಿ ಅಂಕಲ್, "ಸೀಳ್ಕೊಂಡ್ ಬಂದ್ಬಿಡ್ತು!" ಎಂದು ಶುರುಮಾಡಿದ್ದರು. ಅಂಗಳದಲ್ಲಿ ಗಜರಾಜ, ಮೈತುಂಬ ಒಣಗಿದ ಕೆಸರು. ನನ್ನ ಬ್ರಿಸ್ಬೇನ್ ವಿಮಾನಕ್ಕೆ ಹೊತ್ತಾಗಿತ್ತು. ಹೊರಡುವ ಮುಂಚೆ ಅಂಕಲ್ ಕಿವಿಯ ಹತ್ತಿರ ಬಗ್ಗಿ ಕೇಳಿದೆ:

"ಅಂಕಲ್, ಅವತ್ತು ಕೈ ಮುಗಿದ್ರಲ್ಲ, ಯಾರಿಗೆ? ಗಾಡಿಗಾ, ಆಂಟಿಗಾ, ಇಲ್ಲ ಆ ಬಯಲಿಗಾ?"